ಪಂಚರ ಹೊಟ್ಟೆ

ಗಾಡಿ ಕೊಂಡ ದಿನ ಎಷ್ಟು ಕಡೆ ಸಹಿ ಮಾಡಿದೆನೆಂಬುದು ಕಂಠೆಪ್ಪನಿಗೇ ಗೊತ್ತಿರಲಿಲ್ಲ. ಬಲಗೈ ಕಾಗದದ ಮೇಲೆ ಓಡುತ್ತಿತ್ತು, ಕಣ್ಣು ಮಾತ್ರ ಕಿಟಕಿಯ ಹೊರಗೆ ನಿಂತಿದ್ದ ಹೊಸ ಗೂಡ್ಸ್ ರಿಕ್ಷಾದ ಮೇಲಿತ್ತು. ಅಲ್ಲಿ ಅವನ ಹೆಂಡತಿ ಭಾಗವ್ವ ಗಾಡಿಯ ಮೂತಿಗೆ ಕುಂಕುಮ ಹಚ್ಚಿ, ಗಾಲಿಗೊಂದರಂತೆ ನಿಂಬೆಹಣ್ಣು ಇಡುತ್ತಿದ್ದಳು. ಅದರಲ್ಲೊಂದು ಹಣ್ಣು ಉರುಳಿ ಗಟಾರದ ಕಡೆ ಹೊರಟಿತು. ಅದರ ಹಿಂದೆಯೇ ಕಂಠೆಪ್ಪನ ಜೀವವೂ ಉರುಳಿತು. ಆ ಹೊತ್ತಿನಲ್ಲಿ ಮನೆಮಠ ಬರೆದುಕೊಡುವ ಕಾಗದವನ್ನು ಮುಂದಿಟ್ಟಿದ್ದರೂ ಅದಕ್ಕೆ ಸಹಿ ಬೀಳುತ್ತಿತ್ತು.

ಹಾಗೆ ಸಹಿ ಬಿದ್ದ ಹಾಳೆಗಳಲ್ಲೊಂದರ ಮೇಲೆ ಇರುವೆಯ ಸಾಲಿನಂಥ ಅಕ್ಷರದಲ್ಲಿ ಒಂದು ಮಾತಿತ್ತು. ಕಂಪನಿಗೂ ಗಿರಾಕಿಗೂ ತಕರಾರು ಬಂದರೆ ಕಂಪನಿ ಹೇಳಿದ ಮಧ್ಯಸ್ಥರು, ಕಂಪನಿ ಹೇಳಿದ ಊರಿನಲ್ಲಿ ಕೂತು ತೀರ್ಪು ಕೊಡುತ್ತಾರೆ; ಅದೇ ಕೊನೆ. ಊರು ಯಾವುದೆಂದರೆ ಚೆನ್ನೈ.

ತಕರಾರು ಬಂದೇ ಬಂತು. ಕಂತು ವಸೂಲಿಗೆ ಬರುತ್ತಿದ್ದ ಕಂಪನಿಯ ಮನುಷ್ಯ ಕಂಠೆಪ್ಪನ ಕೈಯಿಂದ ಕಂತು ಇಸಿದುಕೊಂಡು, ಭಾಗವ್ವನ ಕೈಯ ಚಹಾ ಕುಡಿದು, ಒಂದು ದಿನ ನೌಕರಿಯ ಜೊತೆಗೆ ಊರನ್ನೂ ಬಿಟ್ಟ. ಕಂತು ಕಂಪನಿಗೆ ಮುಟ್ಟಲಿಲ್ಲ. ಕಂಪನಿಯವರು ನಡುರಸ್ತೆಯಲ್ಲಿ ಗಾಡಿ ತಡೆದು, ತುಂಬಿದ್ದ ಟೈಲ್ಸನ್ನು ದಂಡೆಗಿಳಿಸಿ, ಗಾಡಿಯನ್ನು ಎಳೆದುಕೊಂಡು ಹೋದರು. ಅಂದಿನಿಂದ ಕಂಠೆಪ್ಪ ತಾನಿರುವ ಗೋವಾದ ಚಿಂಬಲ್ಲಿನಲ್ಲಿ, ಕೆಲಸಗಾರರು ಸೇರುವ ನಾಕಾದಲ್ಲಿ ಮತ್ತೆ ಕೂಲಿಗೆ ನಿಲ್ಲತೊಡಗಿದ. ಗಾಡಿಯ ಮಾಲೀಕನೆಂದು ಎತ್ತಿದ ತಲೆಯ ಮೇಲೆ ಮತ್ತೆ ಸಿಮೆಂಟಿನ ಬುಟ್ಟಿ ಬಂದು ಕೂತಿತು.

ಆದರೆ ಕಂಠೆಪ್ಪನಂಥವರ ಗೋಳು ಎಲ್ಲೆಲ್ಲಿಂದಲೋ ಸೇರಿ ಹೇಗೋ ಸರ್ಕಾರದ ಕಿವಿಗೆ ಬಿದ್ದಿತ್ತು. ಸಾಲ ಕೊಡುವ ಕಂಪನಿಗಳಿಗೆ ಮೇಲಿನಿಂದ ತಾಕೀತು ಬಂತು. ಗಿರಾಕಿಗೆ ತಿಳಿಯುವ ಭಾಷೆಯಲ್ಲಿ ಬರೆಯಿರಿ, ಅವನಿರುವ ಸೀಮೆಯಲ್ಲೇ ಕೂಡಿರಿ, ಎರಡೂ ಕಡೆಯವರು ಒಪ್ಪಿದವರನ್ನೇ ಮಧ್ಯಸ್ಥರನ್ನಾಗಿ ಮಾಡಿರಿ, ಅವರು ಯಾರ ಹಂಗಿನಲ್ಲೂ ಇರಕೂಡದು. ಹೀಗಾಗಿ ಕಂಠೆಪ್ಪನಿಗೆ ಕಂಪನಿಯಿಂದ ಅಚ್ಚ ಕನ್ನಡದಲ್ಲೊಂದು ಪತ್ರ ಬಂತು. ಸಾಂಖಳಿಯಲ್ಲಿ ಮಗನ ಅಂಗಡಿಯ ಮೇಲಿನ ಮನೆಯಲ್ಲಿರುವ, ಹಿಂದೆ ಬೆಳಗಾವಿಯ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದ ಅಡಿವೆಯ್ಯನವರು, ಗಿರಾಕಿ ಒಪ್ಪಿದರೆ, ಮಧ್ಯಸ್ಥರು. ಕೂಡುವುದು ಮಡಗಾವಿನ ಫಾತೋರ್ಡಾದಲ್ಲಿರುವ ಕಂಪನಿಯ ಕಚೇರಿಯಲ್ಲಿ, ಸೋಮವಾರ.

ಪತ್ರ ಓದಿದವನು ಪಕ್ಕದ ಮನೆಯ ಲಚ್ಚಪ್ಪ. ಗೌಂಡಿ ಕೆಲಸ ಅವನ ಹೊಟ್ಟೆಪಾಡು, ಕಾಯಿದೆ ಅವನ ಚಟ. ಯಾರ ಮನೆಯ ಜಗಳವಾದರೂ ಅವನು ಕರೆಯದೆ ಬರುವನು, ಕಳಿಸಿದರೂ ಹೋಗನು.

ಸೋಮವಾರ ಬೆಳಿಗ್ಗೆ ಕಂಠೆಪ್ಪ ಒಗೆದ ಅಂಗಿ ತೊಟ್ಟು ಹೊರಗೆ ಬರುವಷ್ಟರಲ್ಲಿ ಲಚ್ಚಪ್ಪ ಕಟ್ಟೆಯ ಮೇಲೆ ಕೂತಿದ್ದ. ಎದುರು ಮನೆಯ ರೂಪಿಬಾಯಿ ಕೊಡ ಸೊಂಟಕ್ಕಿಟ್ಟುಕೊಂಡೇ ನಿಂತಿದ್ದಳು.

"ಕಂಠೆಪ್ಪಾ, ಒಂದ ಮಾತು ನೆನಪಿಟ್ಕೋ," ಅಂದ ಲಚ್ಚಪ್ಪ. "ಪಂಚರ ಬಾಯಿ ನೋಡಬ್ಯಾಡ, ಹೊಟ್ಟಿ ನೋಡು. ಕಂಪನಿ ಚಾ ಒಳಗ ಹೋಗಿತ್ತಂದ್ರ ನಿನ್ನ ಗಾಡಿ ಹೊರಗ ಬರಾಂಗಿಲ್ಲ."

"ಖರೇನ ಐತಿ," ಅಂದಳು ರೂಪಿಬಾಯಿ. "ನಮ್ಮ ತಾಂಡಾದಾಗ ಪಂಚ ಆದಾವ ನ್ಯಾಯ ಮುಗಿಯೋತನಕ ಯಾರ ಮನಿ ನೀರೂ ಮುಟ್ಟಾಂಗಿಲ್ಲ. ಗೋಪಪ್ಪಂದು ಏನಾತು, ಮರ್ತಿ ಏನು ಕಂಠೆಪ್ಪಣ್ಣ?"

ಮರೆಯುವ ಮಾತೇ ಇರಲಿಲ್ಲ. ನಳದ ಜಗಳಕ್ಕೆ ಚಿಂಬಲ್ಲಿನವರೆಲ್ಲ ಸೇರಿ ಗೋಪಪ್ಪನನ್ನು ಪಂಚನನ್ನಾಗಿ ಕೂಡ್ರಿಸಿದ್ದರು. ಅವನು ಚೆಂದಾಗಿ ತೀರ್ಪು ಹೇಳಿ ಎದ್ದ. ಏಳುವಾಗ ಮೀಸೆಯಲ್ಲಿ ಅವಲಕ್ಕಿಯ ಒಂದು ಕಾಳು ಕಂಡಿತು. ಆ ದಿನ ಅವಲಕ್ಕಿ ಮಾಡಿದ್ದು ಒಂದೇ ಮನೆಯಲ್ಲಿ, ತೀರ್ಪು ಗೆದ್ದವರ ಮನೆಯಲ್ಲಿ. ತೀರ್ಪು ಅಲ್ಲೇ ಬಿದ್ದುಹೋಯಿತು. ನಳದ ಜಗಳ ಇನ್ನೂ ನಡೆದಿದೆ, ಗೋಪಪ್ಪ ಮೀಸೆ ಬೋಳಿಸಿದ್ದಾನೆ.

ಭಾಗವ್ವ ಬುತ್ತಿಯ ಗಂಟು ತಂದಳು. "ರೊಟ್ಟಿ ಅದಾವ, ಶೇಂಗಾ ಚಟ್ನಿ ಐತಿ, ಎಣ್ಣಿಗಾಯಿ ಐತಿ. ಲಚ್ಚಪ್ಪಣ್ಣಗೂ ಸೇರಿಸಿ ಕಟ್ಟೇನಿ. ಕಂಪನಿಯವರದು ಒಂದ ತುತ್ತು ಮುಟ್ಟಬ್ಯಾಡ್ರಿ. ಗಾಡಿ ತರ್ರಿ."

"ತರದ ಬಂದ್ರ ಈ ಲಚ್ಚಪ್ಪನ ಹೆಸರ ಬದಲಿ ಮಾಡ್ರಿ," ಅಂದ ಲಚ್ಚಪ್ಪ.

"ಹೆಸರ ಬದಲಿ ಮಾಡೂದಕ್ಕ ಮತ್ತೊಂದ ಕಾಗದ ಬೇಕಾಗತೈತಿ. ಗಾಡಿನ ತರ್ರಿ," ಅಂದಳು ಭಾಗವ್ವ.

ಪಣಜಿಯ ಸ್ಟ್ಯಾಂಡಿನಲ್ಲಿ ಮಡಗಾವಿನ ಬಸ್ಸು ಹಿಡಿದರು. ಹತ್ತುವ ಮುಂಚೆಯೇ ಲಚ್ಚಪ್ಪ ಕಂಠೆಪ್ಪನ ಕಿವಿಯಲ್ಲಿ ಹೇಳಿದ: "ಬಸ್ಸಿನ್ಯಾಗ ಕೇಸಿನ ಸುದ್ದಿ ಬಾಯಿಬಿಡಬ್ಯಾಡ. ಕಂಪನಿ ಮಂದಿ ಎಲ್ಲಿ ಬೇಕಾದಲ್ಲಿ ಇರ್ತಾರ. ಯಾರರೆ ಕೇಳಿದ್ರ ಫುಟ್‌ಬಾಲ್ ಮ್ಯಾಚ್ ನೋಡಾಕ ಹೊಂಟೇನಿ ಅನ್ನು. ಫಾತೋರ್ಡಾಕ್ಕ ಹೋಗೋ ಮಂದಿ ಮತ್ಯಾಕ ಹೋಗತಾರ?"

ಇಬ್ಬರಿಗೂ ಒಂದೇ ಕಡೆ ಜಾಗ ಸಿಗಲಿಲ್ಲ. ಲಚ್ಚಪ್ಪ ಮುಂದೆ ಡ್ರೈವರನಿಗೆ ದಾರಿ ಹೇಳುವುದಕ್ಕೆ ಅನುಕೂಲವಾದ ಸೀಟಿನಲ್ಲಿ ಕೂತ. ಕಂಠೆಪ್ಪನಿಗೆ ಹಿಂದೆ ಒಬ್ಬ ಮುದುಕರ ಪಕ್ಕ ಸಿಕ್ಕಿತು. ಮಾಸಿದ ಧೋತರ, ಕೊಡೆ, ತೊಡೆಯ ಮೇಲೊಂದು ಅರಿವೆಯ ಚೀಲ. ನೋಡಿದರೆ ಕಣ್ಣಿನ ಆಸ್ಪತ್ರೆಗೆ ಹೊರಟವರ ಹಾಗಿದ್ದರು. ಕಂಠೆಪ್ಪ ನಮಸ್ಕಾರ ಮಾಡಿ ಬುತ್ತಿ ತೊಡೆಯ ಮೇಲಿಟ್ಟುಕೊಂಡು, ಆ ಅಡಿವೆಯ್ಯನೆಂಬ ಮನುಷ್ಯ ಹೇಗಿದ್ದಾನೆಂದು ಯೋಚಿಸತೊಡಗಿದ. ಕೋರ್ಟಿನವರೆಂದ ಮೇಲೆ ದಪ್ಪ ಹೊಟ್ಟೆ, ಕೋಟು. ಕಂಪನಿಯವರು ಕಾರಿನಲ್ಲೇ ಕರೆತರುತ್ತಾರೆ. ಕಾರಿನಲ್ಲೇ ಚಹಾ ಆಗಿರುತ್ತದೆ.

ಜುವಾರಿ ನದಿಯ ಸೇತುವೆಯ ಮೇಲೆ ಬಸ್ಸು ನಿಂತಿತು. ಮುಂದೆ ಒಂದು ಲಾರಿ ಕೆಟ್ಟು ಅಡ್ಡ ಬಿದ್ದಿತ್ತು. ಹಿಂದೆ ಮುಂದೆ ಗಾಡಿಗಳು ಗೋಣಿಚೀಲದಲ್ಲಿ ತುಂಬಿದ ತೆಂಗಿನಕಾಯಿಯ ಹಾಗೆ ಒತ್ತಿಕೊಂಡವು. ಲಚ್ಚಪ್ಪ ಕೂತಲ್ಲಿ ಕೂರುವವನಲ್ಲ. ಬಸ್ಸಿನಿಂದಿಳಿದು ಪೊಲೀಸನ ಪಕ್ಕ ನಿಂತು, "ಅರೆ ಪೀಛೆ ಲೋ, ಪೀಛೆ!" ಎಂದು ಎರಡೂ ಕಡೆಯವರಿಗೆ ಕೈ ಬೀಸಿದ. ಎರಡೂ ಕಡೆಯವರು ಹಿಂದೆ ಬಂದರು. ಈಗ ಅವರ ಹಿಂದೆ ನಿಂತವರಿಗೆ ಉಸಿರಾಡುವುದಕ್ಕೂ ಜಾಗ ಉಳಿಯಲಿಲ್ಲ.

ಅಷ್ಟರಲ್ಲಿ ಮುದುಕರ ತಲೆ ಕಂಠೆಪ್ಪನ ಭುಜದ ಮೇಲೆ ವಾಲಿತು. ಮೈಯೆಲ್ಲ ಬೆವರು.

"ಅಜ್ಜಾರ! ಅಜ್ಜಾರ, ಏನಾತ್ರಿ?"

"ಸಕ್ಕರಿ ಬ್ಯಾನಿ ಐತಿ ತಮ್ಮಾ," ಅಂದರು ಮುದುಕರು ಕಣ್ಣು ಮುಚ್ಚಿಯೇ. "ಗುಳಿಗಿ ನುಂಗಿ ಬಂದೇನಿ. ಹೊಟ್ಟಿಗೆ ಏನೂ ತಿಂದಿಲ್ಲ. ಲಗೂನ ಮಡಗಾವ ಮುಟ್ಟತೈತಿ ಅಂತ ತಿಳಿದಿದ್ದೆ."

ಕಿಟಕಿಯ ಹೊರಗೆ ಅಂಗಡಿಯಿಲ್ಲ, ಮನೆಯಿಲ್ಲ. ಕೆಳಗೆ ನೀರು, ಮೇಲೆ ಬಿಸಿಲು. ಕಂಠೆಪ್ಪ ಗಂಟು ಬಿಚ್ಚಿದ.

ಮುದುಕರು ಕೈ ಅಡ್ಡ ಹಿಡಿದರು. "ಬ್ಯಾಡೋ. ಇವತ್ತ ನಾ ಮಂದಿ ಕೈಯಾಗಿಂದು ತಿನ್ನೂ ಹಂಗಿಲ್ಲ."

"ಯಾಕ್ರಿ, ಸೋಮವಾರ ಹಿಡಿದೀರೇನು?"

"ಹಂಗ ಒಂದು ನೇಮ ಅಂತ ತಿಳಿ."

"ಜೀವ ಇದ್ರ ನೇಮಾರಿ! ಜೀವ ಹೋದ ಮ್ಯಾಲೆ ನೇಮ ತಗೊಂಡು ಜುವಾರ್ಯಾಗ ಬಿಡತೀರೇನು?"

ಮುದುಕರು ಅರೆಗಣ್ಣು ತೆರೆದು ಅವನನ್ನೇ ನೋಡಿದರು. "ನೀ ಎಲ್ಲಿಗೆ ಹೊಂಟಿ, ತಮ್ಮಾ?"

ಕಂಠೆಪ್ಪನ ನಾಲಿಗೆಯ ತುದಿಗೆ ಖರೆ ಮಾತು ಬಂದಿತ್ತು. ಮುಂದೆ ಸೇತುವೆಯ ಮೇಲೆ ಕೈ ಬೀಸುತ್ತಿದ್ದ ಲಚ್ಚಪ್ಪ ಕಂಡ. ಮಾತು ನುಂಗಿದ. "ಫಾತೋರ್ಡಾಕ್ರಿ. ಫುಟ್‌ಬಾಲ್ ಮ್ಯಾಚ್ ನೋಡಾಕ ಹೊಂಟೇನಿ."

"ಮ್ಯಾಚಿಗೇನು? ಹಂಗಾದ್ರ ಅಡ್ಡಿ ಇಲ್ಲ," ಅಂದು ಮುದುಕರು ನಿಧಾನಕ್ಕೆ ಕೈಚಾಚಿದರು.

ಒಂದು ರೊಟ್ಟಿ ಇಳಿಯಿತು. ಮುಖಕ್ಕೆ ಕಳೆ ಬಂತು. ಎರಡನೆಯದಕ್ಕೆ ಕಂಠೆಪ್ಪನೇ ಒತ್ತಾಯ ಮಾಡಿದ. ಚಟ್ನಿಯ ಜೊತೆ ಎಣ್ಣೆಗಾಯಿಯನ್ನೂ ಬಡಿಸಿದ. ಲಚ್ಚಪ್ಪನ ಪಾಲು ಮುಗಿದು ತನ್ನ ಪಾಲಿಗೆ ಬಂದಾಗ ಲಾರಿ ಸರಿದು ಬಸ್ಸು ಹೊರಟಿತು. "ಈ ಚಟ್ನಿ ಮಾಡಿದ ಕೈ ತಣ್ಣಗಿರಲಿ," ಅಂದರು ಮುದುಕರು. ಮಡಗಾವಿನ ಸ್ಟ್ಯಾಂಡಿನಲ್ಲಿ ಮುಖ ತೊಳೆಯಲು ನಳದ ಕಡೆ ಹೋದರು. ಲಚ್ಚಪ್ಪ ಕಂಠೆಪ್ಪನ ತೋಳು ಹಿಡಿದು ಎಳೆದ. "ನಡಿ ನಡಿ. ಅವರಕಿಂತ ಮೊದಲ ನಾವು ಹೋಗಿ ಕೂಡಬೇಕು. ನನ್ನ ರೊಟ್ಟಿ ಎಲ್ಲೈತಿ?"

"ಒಬ್ಬ ಅಜ್ಜಗ ಜೀವ ಹೋಗಾಕತ್ತಿತ್ತು, ಕೊಟ್ಟೆ."

"ನನ್ನ ಜೀವ ಯಾರ ಕೇಳಬೇಕು?" ಎಂದು ಗೊಣಗುತ್ತ ಲಚ್ಚಪ್ಪ ಮುಂದೆ ನಡೆದ.

ಸ್ಟೇಡಿಯಮ್ಮಿನ ಹಿಂದಿನ ಓಣಿಯಲ್ಲಿ, ಸೈಕಲ್ ಅಂಗಡಿಯ ಮಾಳಿಗೆಯ ಮೇಲೆ ಕಂಪನಿಯ ಕಚೇರಿ. ಹಿಂದಿನ ಅಂಗಳದಲ್ಲಿ ಎಳೆದು ತಂದ ಗಾಡಿಗಳ ಸಾಲಿತ್ತು. ಕಂಠೆಪ್ಪ ಮೆಟ್ಟಿಲ ಕಿಂಡಿಯಿಂದ ಇಣುಕಿ ನೋಡಿದ. ತನ್ನ ರಿಕ್ಷಾ ಮೂಲೆಯಲ್ಲಿ ಧೂಳು ಹೊತ್ತು ನಿಂತಿತ್ತು. ಮೂತಿಯ ಮೇಲೆ ಭಾಗವ್ವನ ಕುಂಕುಮ ಇನ್ನೂ ಮಾಸಿರಲಿಲ್ಲ. "ಸ್ವಲ್ಪ ತಡಿಯವ್ವಾ, ಸಂಜಿಗೆ ಹೋಗೂಣು," ಅಂದ ಗಾಡಿಗೆ.

ಮ್ಯಾನೇಜರ ಶ್ರೀಶೈಲ ಧಾರವಾಡದ ವ್ಯಾಪಾರಸ್ಥರ ಮನೆಯವನು. ಬೈಗುಳವನ್ನೂ ಸಕ್ಕರೆಯಲ್ಲಿ ಅದ್ದಿ ಕೊಡುವ ಜಾಣ. "ಬರ್ರಿ ಕಂಠೆಪ್ಪನವರ, ಕೂಡ್ರಿ. ಚಾ ತಗೋತೀರಿ?"

"ಬ್ಯಾಡ್ರಿ ಸಾಹೇಬ್ರ," ಅಂದ ಕಂಠೆಪ್ಪ.

ಆ ಹೊತ್ತಿಗೆ ಕಚೇರಿಯಲ್ಲಿ ಟೈಪು ಮಾಡುವ ಸೀಮಾ ಒಳಗಿನಿಂದ ತಟ್ಟೆ ಹಿಡಿದು ಬಂದಳು. ಬಿಸಿ ಭಾಜಿ, ಪಾವು, ಗಾಜಿನ ಗ್ಲಾಸಿನಲ್ಲಿ ಚಹಾ. ನಡುವಿನ ದೊಡ್ಡ ಕುರ್ಚಿಯ ಮುಂದೆ ಇಟ್ಟಳು. ಆ ಕುರ್ಚಿ ಖಾಲಿ ಇತ್ತು.

ಹಸಿದ ಲಚ್ಚಪ್ಪನ ಮೂಗು ಅದನ್ನು ಮೊದಲು ಹಿಡಿಯಿತು. "ಇದು ಯಾರಿಗ್ರಿ ಮ್ಯಾಡಂ?"

"ಅಡಿವೆಯ್ಯ ಸರ್‌ಗ್ರಿ. ದೂರದಿಂದ ಬರಾಕತ್ತಾರಲ್ಲ," ಅಂದಳು ಸೀಮಾ ಏನೂ ಅರಿಯದೆ.

ಲಚ್ಚಪ್ಪ ಚೇಳು ಕಡಿದವನಂತೆ ಎದ್ದ. "ಸಿಕ್ಕಬಿದ್ರಿ! ಕಂಠೆಪ್ಪಾ, ನೋಡಿದ್ಯಾ? ಪಂಚರ ಹೊಟ್ಟ್ಯಾಗ ಭಾಜಿ ತುಂಬೂ ವ್ಯವಸ್ಥಾ! ಸರ್ಕಾರ ಏನ ಹೇಳೇತಿ? ಪಂಚರು ಯಾರ ಹಂಗಿನ್ಯಾಗೂ ಇರಬಾರದು ಅಂತ ಹೇಳೇತಿ!"

"ಬಂದವರಿಗೆ ಒಂದ ಕಪ್ ಚಾ ಕೊಟ್ರ ಹಂಗೇನ ಆಕೈತಿ?" ಅಂದ ಶ್ರೀಶೈಲ.

"ನಮ್ಮ ಚಿಂಬಲ್ದಾಗ ಅವಲಕ್ಕಿ ಒಂದ ಕಾಳಿಗೆ ತೀರ್ಪು ಬಿದ್ದೈತ್ರಿ ಸಾಹೇಬ್ರ," ಅಂದ ಕಂಠೆಪ್ಪ. ಗಾಡಿ ನೋಡಿ ಬಂದ ಬಿಸಿಯಲ್ಲಿ ಅವನಿಗೂ ಈಗ ಧೈರ್ಯ ಬಂದಿತ್ತು. "ಬಾಯಿಮಾತು ಬ್ಯಾಡ್ರಿ. ಬರದ ಕೊಡ್ರಿ. ಯಾರ ಕಡೆದ ಅನ್ನ ನೀರು ಪಂಚರ ಹೊಟ್ಟಿಗೆ ಹೋಗಿದ್ರೂ, ಪಂಚರು ಎದ್ದು ಹೋಗಬೇಕು."

"ಅಷ್ಟ ಸಾಲದು," ಅಂದ ಲಚ್ಚಪ್ಪ. "ಉಣಿಸಿದವರಿಗೆ ಶಿಕ್ಷಾ ಬೇಕು. ಅವರಿಗೆ ಮುಂದಿನ ಪಂಚರನ್ನ ಹೇಳೂ ಹಕ್ಕ ಇಲ್ಲ. ಪಂಚರು ಯಾರು, ಊರು ಯಾವದು, ಎರಡೂ ಎದುರಿನವರ ಹೇಳಬೇಕು." ಕಂಠೆಪ್ಪನ ಕಡೆ ಬಾಗಿ ಮೆಲ್ಲಗೆ ಅಂದ: "ಕಾರಿನ್ಯಾಗ ಚಾ ಆಗಿರ್ತೈತಿ, ಬರಲಿ. ಆಮ್ಯಾಲೆ ಊರು ಚಿಂಬಲ್, ಪಂಚ ನಾನು."

ಶ್ರೀಶೈಲ ಹಣೆ ಒರೆಸಿಕೊಂಡು ಒಳಗೆ ಹೋಗಿ ಚೆನ್ನೈಗೆ ಫೋನು ಮಾಡಿದ. ಹೊರಗೆ ಬಂದು ನಿಟ್ಟುಸಿರಿಟ್ಟ. "ಆತ್ರಿ. ಎರಡೂ ಕಡೆಯವರು ಒಪ್ಪಿದ್ರ ಬರೀರಿ ಅಂದಾರ. ಸೀಮಾ, ಹೇಳಿದಂಗ ಟೈಪ್ ಮಾಡವ್ವಾ."

ಹಾಳೆ ಬಂತು. ಈ ಸಲ ಕಂಠೆಪ್ಪ ಕಿಟಕಿಯ ಹೊರಗೆ ನೋಡಲಿಲ್ಲ. ಲಚ್ಚಪ್ಪನಿಂದ ಒಮ್ಮೆ ಓದಿಸಿದ, ಸೀಮಾಳಿಂದ ಇನ್ನೊಮ್ಮೆ ಓದಿಸಿದ. ಪ್ರತಿಯೊಂದು ಅಕ್ಷರದ ಮೇಲೆ ಬೆರಳಿಟ್ಟು ಒಪ್ಪಿ ಸಹಿ ಮಾಡಿದ. ತಿಳಿದು ಸಹಿ ಮಾಡುವುದರಲ್ಲಿ ಎಂಥ ಸುಖವಿದೆ ಎಂದು ಅವನಿಗೆ ಮೊದಲ ಸಲ ಗೊತ್ತಾಯಿತು. ಎದೆ ಜುವಾರಿಯ ಸೇತುವೆಯಷ್ಟು ಅಗಲವಾಯಿತು. ಶ್ರೀಶೈಲನೂ ಸಹಿ ಮಾಡಿ, ಭಾಜಿಯ ತಟ್ಟೆಯನ್ನು ಮೂಲೆಯ ಮೇಜಿಗೆ ಸಾಗಿಸಿದ.

ಮೆಟ್ಟಿಲ ಮೇಲೆ ಕೊಡೆ ಊರುವ ಸದ್ದಾಯಿತು. ಮಾಸಿದ ಧೋತರ, ಅರಿವೆಯ ಚೀಲ. ಮುಖ ತೊಳೆದು ವಿಭೂತಿ ಹಚ್ಚಿಕೊಂಡಿದ್ದರು.

"ಬರ್ರಿ ಅಡಿವೆಯ್ಯ ಸರ್," ಎಂದು ಶ್ರೀಶೈಲ ಎದ್ದು ನಿಂತ.

ಕಂಠೆಪ್ಪನ ಮುಖ ಮೊದಲು ಅರಳಿತು. ನಮ್ಮ ಅಜ್ಜ! ಆಮೇಲೆ ಮೇಜಿನ ಮೇಲಿದ್ದ ಹಾಳೆ ಕಂಡಿತು. ಅರಳಿದ ಮುಖ ಹಾಗೇ ಸುಟ್ಟ ಹಪ್ಪಳದಂತೆ ಮುದುಡಿತು. ಚಟ್ಟನೆ ಗೋಡೆಯ ಕಡೆ ತಿರುಗಿ ಅಲ್ಲಿದ್ದ ಕ್ಯಾಲೆಂಡರಿನ ಲಕ್ಷ್ಮಿಯನ್ನು ನೋಡುತ್ತ ನಿಂತ.

ಅಡಿವೆಯ್ಯನವರು ದೊಡ್ಡ ಕುರ್ಚಿಯಲ್ಲಿ ಕೂತು ಚೀಲದಿಂದ ಕಾಗದ ತೆಗೆದರು. "ಗಿರಾಕಿ ಕಂಠೆಪ್ಪ ಅನ್ನವರು ಯಾರು?"

ಕಂಠೆಪ್ಪ ಲಕ್ಷ್ಮಿಯ ಕಡೆ ಮುಖ ಮಾಡಿಯೇ ಕೈ ಎತ್ತಿದ.

"ಈ ಕಡೆ ತಿರಗಪ್ಪಾ."

ತಿರುಗಿದ. ಅಜ್ಜನವರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಮತ್ತೊಮ್ಮೆ ನೋಡಿದರು. ಕಂಠೆಪ್ಪ ಒಂದು ಕಣ್ಣು ಹೊಡೆದ, ಕೆಮ್ಮಿದ, ತಲೆ ಅಲ್ಲಾಡಿಸಿದ.

"ನೀವು ಇವರನ್ನ ಮೊದಲ ನೋಡೀರೇನು?" ಎಂದು ಕೇಳಿದ ಶ್ರೀಶೈಲ.

"ಇಲ್ಲ್ರಿ! ಇವರ್ಯಾರೋ, ನಾ ಯಾರೋ," ಅಂದ ಕಂಠೆಪ್ಪ.

"ಇಲ್ಲ ಅಂದ್ರ ಹ್ಯಾಂಗೋ ತಮ್ಮಾ?" ಅಂದರು ಅಡಿವೆಯ್ಯನವರು. "ನಿನ್ನ ಶೇಂಗಾ ಚಟ್ನಿ ಇನ್ನೂ ನಾಲಿಗಿ ಮ್ಯಾಲೆ ಐತಿ."

ಲಚ್ಚಪ್ಪನ ಬಾಯಿ ತೆರೆದದ್ದು ತೆರೆದೇ ಇತ್ತು. ಅವನ ರೊಟ್ಟಿ ಎಲ್ಲಿಗೆ ಹೋಯಿತೆಂದು ಈಗ ಅವನಿಗೆ ಗೊತ್ತಾಯಿತು.

ಅಡಿವೆಯ್ಯನವರು ಕಾಗದಗಳನ್ನು ಮಡಿಚಿ ಚೀಲಕ್ಕೆ ಹಾಕಿದರು. "ನ್ಯಾಯಕ್ಕ ಕೂಡೂ ಮೊದಲ ಯಾರ ಹಂಗು ಐತಿ ಅಂತ ಹೇಳಬೇಕು. ಅದು ಕಾಯಿದೆ. ನಾ ಇವನ ರೊಟ್ಟಿ ಉಂಡೇನಿ. ಅದೂ ಹೋಗೂ ಜೀವ ಹಿಡಿದು ನಿಲ್ಲಿಸಿದ ರೊಟ್ಟಿ. ಇನ್ನ ನಾ ಈ ಕುರ್ಚ್ಯಾಗ ಕೂಡೂ ಹಂಗಿಲ್ಲ." ಎದ್ದೇ ಬಿಟ್ಟರು. "ಮ್ಯಾಚಿಗೆ ಹೊಂಟೇನಿ ಅಂದ್ಯಲ್ಲೋ, ಹುಚ್ಚಪ್ಪಾ. ಕೇಸಿಗೆ ಅಂದಿದ್ರ ನಾ ತುತ್ತು ಮುಟ್ಟತಿದ್ನೇನು? ಸೇತುವಿ ಮ್ಯಾಲಿನ ಪೊಲೀಸಪ್ಪನ ಹತ್ರ ಒಂದ ಚೂರು ಬೆಲ್ಲ ಬೇಡಿ ತಿಂತಿದ್ದೆ."

"ತಪ್ಪಾತ್ರಿ ಅಜ್ಜಾರ, ಕೂಡ್ರಿ," ಅಂದ ಕಂಠೆಪ್ಪ ಅಳುವ ದನಿಯಲ್ಲಿ. "ರೊಟ್ಟಿ ಭಾಗವ್ವ ಮಾಡಿದ್ದು. ನಂದಲ್ಲ. ನಿಮ್ಮ ಪಾಲಿಗೆ ಹೋಗಿದ್ದು ಲಚ್ಚಪ್ಪಣ್ಣಂದು!"

"ನನ್ನ ಹೆಸರ ತಗೀಬ್ಯಾಡ," ಅಂದ ಲಚ್ಚಪ್ಪ.

"ಎದ್ದ ಮ್ಯಾಲೆ ಒಂದ ಮಾತು ಹೇಳಬಹುದು," ಅಂದರು ಅಡಿವೆಯ್ಯನವರು ಬಾಗಿಲಲ್ಲಿ ನಿಂತು. "ಎರಡೂ ಕಡೆ ಕಾಗದ ಓದಿದ್ದೆ. ವಸೂಲಿಗೆ ಕಳಿಸಿದಾವ ಕಂಪನಿ ಮನಿಷಾ. ಅವನ ಕೈಯಾಗ ಕೊಟ್ಟದ್ದು ಕಂಪನಿ ಕೈಯಾಗ ಕೊಟ್ಟಂಗ. ಇವತ್ತ ಸಂಜೀಕ ಗಾಡಿ ಬಿಡ್ರಿ ಅಂತ ಬರಿಯಾಕ ಬಂದಿದ್ದೆ." ಕೊಡೆ ಊರುತ್ತ ಮೆಟ್ಟಿಲಿಳಿದರು.

ಶ್ರೀಶೈಲ ಹಾಳೆಯನ್ನು ಮೇಜಿನಿಂದ ಎತ್ತಿ, ಹೂವಿನ ಮೊಗ್ಗು ಹಿಡಿದ ಹಾಗೆ ಎರಡೇ ಬೆರಳಲ್ಲಿ ಹಿಡಿದ. "ಉಣಿಸಿದವರಿಗೆ ಹಕ್ಕಿಲ್ಲ. ಪಂಚರು ಯಾರು, ಊರು ಯಾವದು, ಎರಡೂ ಎದುರಿನವರ ಹೇಳಬೇಕು. ಹಂಗ ಅಲ್ರಿ, ಲಚ್ಚಪ್ಪನವರ?"

"ಸರ್ಕಾರದ ತಾಕೀತು ಐತಲ್ರಿ ಸಾಹೇಬ್ರ," ಅಂದ ಕಂಠೆಪ್ಪ. "ನಮ್ಮ ಸೀಮ್ಯಾಗ, ನಮ್ಮ ಒಪ್ಪಿಗಿ..."

"ನಿಮ್ಮ ಒಪ್ಪಿಗಿನ ಇದು. ಅಚ್ಚ ಕನ್ನಡದಾಗ ಐತಿ, ಎರಡ ಸಲ ಓದಿಸಿ ಸಹಿ ಮಾಡೀರಿ. ಇಂಥ ಚಂದನ ಒಪ್ಪಿಗಿ ನಮ್ಮ ಕಂಪನಿ ಇಲ್ಲೀತನಕ ಕಂಡಿಲ್ಲ." ಶ್ರೀಶೈಲ ಹಾಳೆಯನ್ನು ಕಡತದಲ್ಲಿಟ್ಟ. "ಚೆನ್ನೈದಿಂದ ಪತ್ರ ಬರತೈತ್ರಿ. ಅಲ್ಲಿಗೆ ಹೋಗೂಮುಂದ ಬುತ್ತಿ ಕಟ್ಕೊಂಡ ಹೋಗ್ರಿ, ಭಾಳ ದೂರ ಐತಿ."

ಮೂಲೆಯ ಮೇಜಿನ ಮೇಲೆ ಭಾಜಿ ಆರುತ್ತಿತ್ತು. ಅದರ ಮೇಲೆ ಈಗ ಯಾವ ನ್ಯಾಯದ ಭಾರವೂ ಇರಲಿಲ್ಲ. ಲಚ್ಚಪ್ಪ ಹೋಗಿ ಕೂತು ತಿಂದ. ಚಹಾವನ್ನೂ ಕುಡಿದ.

ಮನೆಗೆ ಬಂದಾಗ ಭಾಗವ್ವ ಆರತಿಯ ತಟ್ಟೆ ಹಿಡಿದು ಹೊಸ್ತಿಲಲ್ಲಿದ್ದಳು. ಗಾಡಿಗೆಂದು ಹೊಸ ನಿಂಬೆಹಣ್ಣೂ ತಟ್ಟೆಯಲ್ಲಿತ್ತು. ರೂಪಿಬಾಯಿ ಕೊಡ ಇಳಿಸಿ ನಿಂತಳು. ಕಂಠೆಪ್ಪ ಕಟ್ಟೆಯ ಮೇಲೆ ಕುಕ್ಕರಿಸಿ, ಮೊದಲಿನಿಂದ ಕೊನೆಯತನಕ ಒಂದೂ ಬಿಡದೆ ಹೇಳಿದ. ಲಚ್ಚಪ್ಪ ಅಷ್ಟರಲ್ಲಿ ಮನೆ ಸೇರಿದ್ದ.

ಭಾಗವ್ವನ ಕೈಯಲ್ಲಿದ್ದ ತಟ್ಟೆಯ ದೀಪ ಆರಿತು.

"ಆ ಅಜ್ಜ ಚಟ್ನಿ ಚಲೋ ಐತಿ ಅಂದನೇನು?" ಎಂದು ಕೇಳಿದಳು.

"ಮಾಡಿದ ಕೈ ತಣ್ಣಗಿರಲಿ ಅಂದ."

"ಹಂಗಾರ ಖರೇನ ನ್ಯಾಯಸ್ಥ ಬಿಡ್ರಿ," ಅಂದಳು ಭಾಗವ್ವ. ನಿಂಬೆಹಣ್ಣನ್ನು ತಟ್ಟೆಯಿಂದೆತ್ತಿ ಸೆರಗಿನಲ್ಲಿ ಒರೆಸಿದಳು. "ಚೆನ್ನೈಗೆ ನಾನೂ ಬರತೇನಿ. ಪಂಚರ ಮುಂದ ನೀವು ಹೇಳ್ರಿ, ಬುತ್ತಿ ನನ್ನ ಕೈಯಾಗ ಇರಲಿ."

ಮರುದಿನ ಬೆಳಿಗ್ಗೆ ಕಂಠೆಪ್ಪ ನಾಕಾದಲ್ಲಿ ಕೂಲಿಗೆ ನಿಂತ. ಪಕ್ಕದಲ್ಲಿ ನಿಂತಿದ್ದ ಗೋಪಪ್ಪ ಬೋಳು ತುಟಿಯ ಮೇಲೆ ಕೈಯಾಡಿಸುತ್ತ, ಅವನನ್ನು ನೋಡಿ ಬಹಳ ದಿನಗಳ ಮೇಲೆ ಒಮ್ಮೆ ನಕ್ಕ.